ಪೆಟ್ರೋಲ್ ದುಡ್ಡು ಯಾರು ಕೊಡಬೇಕು? ಸುದ್ದಿ ವಾಹಿನಿಗಳ ಮುಖ್ಯಸ್ಥರಿಗೆ ಜಿಲ್ಲಾ ವರದಿಗಾರನ ಬಹಿರಂಗ ಪತ್ರ

ಇವರಿಗೆ,
ಕನ್ನಡ ಸುದ್ದಿ ವಾಹಿನಿಗಳ ಮಾಲೀಕರು, ಪ್ರಧಾನ ಸಂಪಾದಕರು ಮತ್ತು ಇನ್‌ಪುಟ್ ಮುಖ್ಯಸ್ಥರು,
ಬೆಂಗಳೂರು.

ಮಾನ್ಯರೇ,

ನಾನು ಹಾಸನ ಜಿಲ್ಲೆಯವನು. ಕೆಲಸ ಮಾಡುವುದು ಕಲಬುರಗಿಯಲ್ಲಿ. ನಿಮ್ಮಲ್ಲೇ ಒಬ್ಬರ ವಾಹಿನಿಯ ಜಿಲ್ಲಾ ವರದಿಗಾರ. ಯಾವ ವಾಹಿನಿ ಅಂತ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆಯೇ ಮೈಕಿನ ಲೋಗೋ ವಾಪಸ್ ಕೊಡಬೇಕಾಗುತ್ತದೆ, ಅದೊಂದು ಕಾರಣ. ಇನ್ನೊಂದು, ಇದು ಒಂದು ವಾಹಿನಿಯ ಕಥೆ ಅಲ್ಲ. ರಾಯಚೂರು, ಬೀದರ್, ಕಾರವಾರ, ಚಾಮರಾಜನಗರದಲ್ಲಿ ನನ್ನ ಹಾಗೇ ಊರು ಬಿಟ್ಟು ಬಂದು ಕೆಲಸ ಮಾಡುವ ಗೆಳೆಯರಿದ್ದಾರೆ. ಅವರವರ ಲೋಗೋ ಬಣ್ಣ ಬೇರೆ. ಫೋನಿನಲ್ಲಿ ಮಾತಾಡಿದರೆ ಎಲ್ಲರ ದೂರೂ ಒಂದೇ.

ಮೊದಲೇ ಹೇಳಿಬಿಡುತ್ತೇನೆ, ಹೊರಜಿಲ್ಲೆಗೆ ಹಾಕಿದಿರಿ ಅಂತ ಗೋಳಾಡುವ ಪತ್ರ ಇದಲ್ಲ. ಹೊರಗಿನವನನ್ನು ಕಳಿಸುವುದು ಸರಿ ಅಂತಲೇ ನನ್ನ ಅಭಿಪ್ರಾಯ. ಊರಿನ ವರದಿಗಾರನಿಗೆ ಮಾವ ತಾಲೂಕು ಪಂಚಾಯ್ತಿಯಲ್ಲಿರುತ್ತಾನೆ, ಭಾವ ಠಾಣೆಯಲ್ಲಿರುತ್ತಾನೆ. ಮರಳು ದಂಧೆಯ ಸುದ್ದಿ ಮಾಡಿದರೆ ಸಂಜೆ ಯಾರಾದರೂ ಮನೆಗೆ ಬಂದು ಅಪ್ಪನ ಹತ್ತಿರ ಕೂತು ಚಹಾ ಕುಡಿದು ಹೋಗುತ್ತಾರೆ. ಅಷ್ಟೇ ಸಾಕು, ಸುದ್ದಿ ಅಲ್ಲಿಗೆ ನಿಲ್ಲುತ್ತದೆ. ನನಗೆ ಇಲ್ಲಿ ಅಂಥವರು ಯಾರೂ ಇಲ್ಲ. ಅದು ನನ್ನ ಕೆಲಸಕ್ಕೆ ಒಳ್ಳೆಯದೇ. ಆದರೆ ಯಾರೂ ಇಲ್ಲದ ಊರಿಗೆ ಒಬ್ಬನನ್ನು ಕಳಿಸಿದ ಮೇಲೆ ಅವನ ಬೆನ್ನಿಗೆ ಸಂಸ್ಥೆಯಾದರೂ ಇರಬೇಕಲ್ಲ? ಅದು ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಡೆಸ್ಕಿನಲ್ಲಿ ಕೂತವರಿಗೆ ಕಲಬುರಗಿ ಅಂದರೆ ಒಂದು ಊರು. ಓಡಾಡುವವನಿಗೆ ಅದು 11 ತಾಲೂಕು. ಅಫಜಲಪುರದ ಕಡೆ ಹೋದರೆ ಭೀಮಾ ನದಿ, ಇನ್ನೂ ಸ್ವಲ್ಪ ದೂರಕ್ಕೆ ಮಹಾರಾಷ್ಟ್ರದ ಗಡಿ. ಚಿಂಚೋಳಿಯ ಕಡೆ ಹೋದರೆ ತೆಲಂಗಾಣದ ಗಡಿ. ಇಷ್ಟಕ್ಕೆ ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್, ಒಂದು ಬೈಕ್. ಯಾದಗಿರಿಯ ಹುಡುಗ ಕೆಲಸ ಬಿಟ್ಟರೆ ಯಾದಗಿರಿಯೂ ನಮ್ಮದೇ. "ಚಿಂಚೋಳಿ ಅಲ್ಲೇ ಪಕ್ಕ ಅಲ್ವಾ? ಅರ್ಧ ಗಂಟೆಯಲ್ಲಿ ಲೈವ್‌ಗೆ ನಿಂತುಬಿಡಿ" ಅಂತ ಫೋನ್ ಬರುತ್ತದೆ. ಕಲಬುರಗಿಯಿಂದ ಚಿಂಚೋಳಿಗೆ 80 ಕಿಲೋಮೀಟರ್‌ಗೂ ಜಾಸ್ತಿ ಇದೆ ಸ್ವಾಮಿ. ನಿಮ್ಮ ಸ್ಟುಡಿಯೋ ಗೋಡೆಯ ಮೇಲೆ ಕರ್ನಾಟಕದ ನಕ್ಷೆ ಇದೆ, ನಾನೇ ನೋಡಿದ್ದೇನೆ. ಒಮ್ಮೆ ಅದರ ಹತ್ತಿರ ಹೋಗಿ ನಿಂತು ನೋಡಿ.

ನಮ್ಮ ದಿನ ಹೇಗೆ ಶುರುವಾಗುತ್ತದೆ ಗೊತ್ತಾ? ಹಾಸಿಗೆಯಿಂದ ಏಳುವ ಮೊದಲೇ ವಾಟ್ಸಾಪ್ ಗ್ರೂಪಿನಲ್ಲಿ ಯಾವುದೋ ಪತ್ರಿಕೆಯ ಜಿಲ್ಲಾ ಪುಟದ ಫೋಟೋ ಬಿದ್ದಿರುತ್ತದೆ. ಕೆಳಗೆ ಒಂದು ಸಾಲು: "ಇದು ನಮ್ಮಲ್ಲಿ ಯಾಕಿಲ್ಲ?" ಅಲ್ಲಿಂದ ಓಟ. ಜಗತ್ ಸರ್ಕಲ್‌ನಲ್ಲಿ ಪ್ರತಿಭಟನೆ, ಡಿಸಿ ಕಚೇರಿಯಲ್ಲಿ ಸಭೆ, ಎಸ್‌ಪಿ ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ), ಜಿಮ್ಸ್ ಆಸ್ಪತ್ರೆಯ ಮುಂದೆ ಗಲಾಟೆ. ವಿಶುವಲ್ಸ್ ಕಳಿಸಬೇಕು, ಸ್ಕ್ರಿಪ್ಟ್ ಟೈಪ್ ಮಾಡಬೇಕು, ಪರದೆಯ ಕೆಳಗೆ ಓಡುವ ಟಿಕ್ಕರ್‌ಗೆ ಎರಡು ಸಾಲು ಕೊಡಬೇಕು, ನಡುವೆ ಫೋನೋ, ಅಂದರೆ ಫೋನಿನಲ್ಲೇ ನೇರಪ್ರಸಾರಕ್ಕೆ ಮಾತಾಡುವುದು. ಮಧ್ಯಾಹ್ನದ ಊಟ ಯಾವುದಾದರೂ ಖಾನಾವಳಿಯಲ್ಲಿ, ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನ್. ಮುದ್ದೆ ತಿಂದು ಬೆಳೆದವನು ನಾನು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಈಗ ಒಗ್ಗಿಕೊಂಡಿದ್ದೇನೆ. ಎಷ್ಟು ಅಂದರೆ ಊರಿಗೆ ಹೋದಾಗ ಅಮ್ಮನ ಹತ್ತಿರ ರೊಟ್ಟಿ ಕೇಳಿ ಬೈಸಿಕೊಂಡಿದ್ದೂ ಇದೆ. ರಾತ್ರಿ ಪ್ರೈಮ್ ಟೈಮ್ ಮುಗಿದು ಮಲಗಿದರೆ ಹುಮನಾಬಾದ್ ರಸ್ತೆಯಲ್ಲಿ ಅಪಘಾತ. ಎದ್ದು ಹೋಗುತ್ತೇವೆ. ಅದು ಕೆಲಸ, ಅದರ ಬಗ್ಗೆ ತಕರಾರಿಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರವೇ ಕಲಬುರಗಿ ವಿಭಾಗದ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಅಷ್ಟು ಬಿಸಿಲು. ಗುಮಾಸ್ತರು ಮನೆಗೆ ಹೋದ ಮೇಲೆ, ಎರಡು ಗಂಟೆಗೆ ಸರಿಯಾಗಿ, ನಮ್ಮನ್ನು ರಸ್ತೆ ಮಧ್ಯೆ ನಿಲ್ಲಿಸಿ "ಬಿಸಿಲು ಹೇಗಿದೆ ಅಂತ ವೀಕ್ಷಕರಿಗೆ ತೋರಿಸಿ" ಅನ್ನುತ್ತೀರಿ. ಒಮ್ಮೆ ಬಂಡೆಯ ಮೇಲೆ ಮೊಟ್ಟೆ ಒಡೆದು ಬೇಯುತ್ತಾ ನೋಡಿ ಅಂದಿದ್ದರು. ಮೊಟ್ಟೆ ದುಡ್ಡೂ ಬಂದಿಲ್ಲ, ಸುಮ್ನೆ ನೆನಪಾಯಿತು.

ಈಗ ದುಡ್ಡಿನ ವಿಷಯ. ಈ ಪತ್ರದ ತಿರುಳು ಇದೇ, ಸ್ವಲ್ಪ ತಾಳ್ಮೆಯಿಂದ ಓದಿ.

ಸಂಬಳ ಯಾವ ತಾರೀಕಿಗೆ ಬರುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ. ಅದರಲ್ಲೇ ಇಲ್ಲಿಯ ರೂಮಿನ ಬಾಡಿಗೆ, ಊರಲ್ಲಿ ಮನೆಯ ಖರ್ಚು, ಕ್ಯಾಮೆರಾಮನ್ ಊಟ, ಪೆಟ್ರೋಲ್, ಡೇಟಾ ಪ್ಯಾಕ್. ಪ್ರಯಾಣದ ಬಿಲ್ ಕಳಿಸಿದರೆ "ನೋಡೋಣ" ಅನ್ನುತ್ತಾರೆ. ಮತ್ತೆ ಕೇಳಿದರೆ "ಅಕೌಂಟ್ಸ್‌ನವರ ಹತ್ತಿರ ಮಾತಾಡಿ". ಅಕೌಂಟ್ಸ್‌ನವರು "ಎಡಿಟೋರಿಯಲ್‌ನಿಂದ ಅಪ್ರೂವಲ್ ಬಂದಿಲ್ಲ". ಮೂರನೇ ಸಲ ಕೇಳುವ ಹೊತ್ತಿಗೆ ಬಿಲ್ಲಿನ ಅಕ್ಷರ ಅಳಿಸಿಹೋಗಿರುತ್ತದೆ. ಪೆಟ್ರೋಲ್ ಬಂಕಿನ ಚೀಟಿ ನೋಡಿದ್ದೀರಲ್ಲ, ಒಂದು ಬೇಸಿಗೆ ಕಳೆದರೆ ಬೆಳ್ಳಗಾಗುತ್ತದೆ.

ಹಾಗಾದರೆ ಜಿಲ್ಲೆಯಿಂದ ಸುದ್ದಿ ಹೇಗೆ ಬರುತ್ತಿದೆ ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ನೀವು ಕೊಡದ ಪೆಟ್ರೋಲ್ ದುಡ್ಡನ್ನು ಇಲ್ಲಿ ಕೊಡುವುದಕ್ಕೆ ಜನ ಇದ್ದಾರೆ. ಬಹಳ ಜನ ಇದ್ದಾರೆ. "ಸರ, ಗಾಡಿ ಕಳಸ್ತೀವಿ, ಬರ್ರಿ" ಅಂತ ಮುಖಂಡರ ಆಪ್ತ ಸಹಾಯಕರು ಫೋನ್ ಮಾಡುತ್ತಾರೆ. ಎಸಿ ಗಾಡಿ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಊಟ. ಊಟದ ನಂತರ ಒಂದು ಕವರ್. ಕವರ್ ಅಂದರೆ ಏನು ಅಂತ ನಿಮಗೆ ವಿವರಿಸಬೇಕಿಲ್ಲ. ತೆಗೆದುಕೊಳ್ಳದೆ ಎದ್ದು ಬರುವವರಿದ್ದಾರೆ, ಅವರನ್ನು ನಾನು ದಿನವೂ ನೋಡುತ್ತೇನೆ. ತೆಗೆದುಕೊಳ್ಳುವವರನ್ನೂ ನೋಡುತ್ತೇನೆ. ಅವರಲ್ಲಿ ಕೆಲವರಿಗೆ ಆ ತಿಂಗಳ ಸಂಬಳ ಆಗಿರುವುದಿಲ್ಲ. ಗುತ್ತಿಗೆದಾರನ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆ ಇಲ್ಲದೆ ಇರುವ ವರದಿಗಾರ, ಅದೇ ಗುತ್ತಿಗೆದಾರ ಹಾಕಿದ ರಸ್ತೆ ಮೂರು ತಿಂಗಳಿಗೆ ಕಿತ್ತುಹೋದರೆ ಯಾವ ಬಾಯಿಂದ ಸುದ್ದಿ ಮಾಡಬೇಕು?

ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ "ಜಿಲ್ಲಾ ಮಟ್ಟದಲ್ಲಿ ಪತ್ರಿಕೋದ್ಯಮ ಕೆಟ್ಟುಹೋಗಿದೆ" ಅಂತ ಭಾಷಣ ಕೇಳಿದ್ದೇನೆ. ಮಾತು ಸುಳ್ಳಲ್ಲ. ಆದರೆ ಭಾಷಣ ಮಾಡಿದವರಲ್ಲಿ ಕೆಲವರು ತಮ್ಮದೇ ವರದಿಗಾರರ ಬಿಲ್‌ಗಳನ್ನು ಡ್ರಾಯರ್‌ನಲ್ಲಿ ಇಟ್ಟುಕೊಂಡೇ ವೇದಿಕೆ ಹತ್ತಿದ್ದರು.

ಇದು ಸಾಲದು ಅಂತ ಜಾಹೀರಾತು ಟಾರ್ಗೆಟ್. ಸ್ವಾತಂತ್ರ್ಯ ದಿನ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ರಾಜ್ಯೋತ್ಸವ, ವಾಹಿನಿಯ ವಾರ್ಷಿಕೋತ್ಸವ, ಶಾಸಕರ ಹುಟ್ಟುಹಬ್ಬ. ಪ್ರತಿಯೊಂದಕ್ಕೂ ಇಷ್ಟು ತರಬೇಕು ಅಂತ ಲೆಕ್ಕ. ಗುಂಡಿ ಬಿದ್ದ ರಸ್ತೆಯ ಸುದ್ದಿ ಮಾಡಿದ ವಾರವೇ ಅದೇ ಗುತ್ತಿಗೆದಾರನ ಕಚೇರಿಗೆ ಹೋಗಿ "ಶುಭಾಶಯದ ಜಾಹೀರಾತು ಕೊಡಿ" ಅಂತ ಕೂರಬೇಕು. ಅವನು ನಗುತ್ತಾನೆ. "ಗುಂಡಿ ಮುಚ್ಚೀವಿ ಅಂತ ಒಂದು ಸುದ್ದಿ ಹಾಕ್ರಿ ಸರ, ಆಮ್ಯಾಲ ನೋಡೋಣ" ಅನ್ನುತ್ತಾನೆ. ಹೊರಗಿನವನಿಗೆ ಊರಿನ ಹಂಗು ಇರಬಾರದು ಅಂತ ನೀವೇ ಕಳಿಸುತ್ತೀರಿ. ಆಮೇಲೆ ನೀವೇ ಹಂಗಿಗೆ ತಳ್ಳುತ್ತೀರಿ. ಜಾಹೀರಾತಿಗೆ ಬೇರೆ ವಿಭಾಗ ಇದೆಯಲ್ಲ, ಅವರನ್ನು ಕಳಿಸಿ.

ಪ್ರವಾಹದ ದಿನಗಳ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ. ಎರಡೂ ಸಲ ಮಹಾರಾಷ್ಟ್ರದಲ್ಲಿ ಮಳೆ ಜಾಸ್ತಿಯಾಗಿ, ಅಲ್ಲಿಯ ಜಲಾಶಯಗಳಿಂದ ನೀರು ಬಿಟ್ಟು, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಸೊನ್ನ ಬ್ಯಾರೇಜ್ ಹತ್ತಿರ ನಿಂತರೆ ನದಿಯ ಆ ಕಡೆಯ ದಡ ಯಾವುದು, ತೊಗರಿ ಹೊಲ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಅಂಥ ಕಡೆ ನಿಂತಿದ್ದಾಗ ಇಯರ್‌ಫೋನಿನಲ್ಲಿ ಡೆಸ್ಕಿನ ಮಾತು: "ಪಕ್ಕದ ಚಾನೆಲ್‌ನವರು ಸೊಂಟದ ಮಟ್ಟ ನೀರಲ್ಲಿದ್ದಾರೆ. ನೀವು ಮೊಣಕಾಲಲ್ಲೇ ಇದ್ದೀರಲ್ಲ? ಇನ್ನೂ ಸ್ವಲ್ಪ ಒಳಗೆ ಹೋಗಿ." ನನಗೆ ಈಜು ಬರುವುದಿಲ್ಲ. ಅದನ್ನು ಯಾರೂ ಕೇಳಿಯೂ ಇರಲಿಲ್ಲ. ಹೊಸ ನೀರಿನಲ್ಲಿ ಕಾಲಿನ ಕೆಳಗೆ ಬಾವಿ ಇದೆಯೋ, ಬೇಲಿ ಇದೆಯೋ, ಕರೆಂಟ್ ತಂತಿ ಇದೆಯೋ ಗೊತ್ತಿರುವುದಿಲ್ಲ. ರಕ್ಷಣಾ ಪಡೆಯ ಹುಡುಗನೊಬ್ಬ ನಮ್ಮ ಕ್ಯಾಮೆರಾಮನ್‌ನನ್ನು ನೋಡಿ ತನ್ನ ಹತ್ತಿರ ಇದ್ದ ಲೈಫ್ ಜಾಕೆಟ್ ಕೊಟ್ಟ. ಸರ್ಕಾರದ ಹುಡುಗನಿಗೆ ಹೊಳೆದದ್ದು ನಮ್ಮ ಸಂಸ್ಥೆಗೆ ಹೊಳೆದಿರಲಿಲ್ಲ. ಆ ಕ್ಯಾಮೆರಾಗೆ ವಿಮೆ ಇದೆ. ಹಿಡಿದವನಿಗೆ ಇಲ್ಲ.

ಕಾಳಜಿ ಕೇಂದ್ರದಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದರು. ಮೈಕ್ ಹಿಡಿದರೆ ಮುಖ ತಿರುಗಿಸಿದರು. "ನೀರ್ ಬಂದಾಗ ಎಲ್ಲಾರೂ ಬರ್ತೀರಿ. ನೀರ್ ಇಳದ ಮ್ಯಾಲ ಒಬ್ರೂ ಬರಲ್ರಿ" ಅಂದರು. ಆಮೇಲೆ ಮಾತಾಡಿದರು, ಚೆನ್ನಾಗಿ ಮಾತಾಡಿದರು. ಮನೆಯ ಗೋಡೆ, ಕೊಚ್ಚಿಹೋದ ಜೋಳ, ಕಟ್ಟಿಹಾಕಿದಲ್ಲೇ ಸತ್ತ ಎಮ್ಮೆ. ಆ ಬೈಟ್ ಪ್ರಸಾರ ಆಗಲಿಲ್ಲ. "ಭಾಷೆ ಕ್ಲಿಯರ್ ಇಲ್ಲ, ಬೇರೆ ಯಾರನ್ನಾದರೂ ಮಾತಾಡಿಸಿ" ಅಂತ ಉತ್ತರ. ಕಲಬುರಗಿಯ ಮುದುಕಿ ಕಲಬುರಗಿಯ ಕನ್ನಡ ಮಾತಾಡದೆ ಇನ್ಯಾವುದು ಮಾತಾಡಬೇಕಿತ್ತು? ಹಾಸನದವನಿಗೆ ಅರ್ಥವಾದದ್ದು ಕೋರಮಂಗಲದಲ್ಲಿ ಕೂತವರಿಗೆ ಯಾಕೆ ಅರ್ಥವಾಗುವುದಿಲ್ಲ? ಇದೇ ಮಾತನ್ನು ಹಾಸ್ಯ ಕಾರ್ಯಕ್ರಮದಲ್ಲಿ ಹಾಕಿ ನಗಿಸುವುದು ಮಾತ್ರ ನಿಮಗೆ ಗೊತ್ತು. ನೀರು ಇಳಿದ ಮೇಲೆ ಆ ಊರಿಗೆ ಹೋಗಿ ಒಂದು ಸುದ್ದಿ ಮಾಡುತ್ತೇನೆ ಅಂದೆ. "ಈಗ ಅದಕ್ಕೆ ಸ್ಲಾಟ್ ಇಲ್ಲ" ಅಂದರು. ಕೊನೆಗೆ ಅಜ್ಜಿಯ ಮಾತೇ ನಿಜವಾಯಿತು.

ಗಡಿಕೇಶ್ವರದ್ದೂ ಇದೇ ಕಥೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಆ ಊರಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಹೊರಗೆ ಮಲಗುತ್ತಿದ್ದರು. ನಾವೂ ಬಯಲಲ್ಲೇ ಮಲಗಿದೆವು. ರಾತ್ರಿ ತಂಗಿದ ಭತ್ಯೆ ಕೇಳಿದರೆ "ಅಲ್ಲಿ ಲಾಡ್ಜ್ ಎಲ್ಲಿದೆ, ಯಾವುದಕ್ಕೆ ಭತ್ಯೆ?" ಅನ್ನುವ ಪ್ರಶ್ನೆ ಬಂತು. ಒಪ್ಪುತ್ತೇನೆ, ಲಾಡ್ಜ್ ಇರಲಿಲ್ಲ.

ಊರು ಬಿಟ್ಟಿರುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲಸಕ್ಕಾಗಿ ಊರು ಬಿಟ್ಟವರು ನಾವೊಬ್ಬರೇ ಅಲ್ಲ, ಈ ಜಿಲ್ಲೆಯಿಂದಲೇ ಎಷ್ಟು ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಆದರೆ ಬಿಡಿಸುವ ರೀತಿ ಒಂದಿರುತ್ತದೆ. "ಸೋಮವಾರದಿಂದ ನೀವು ಕಲಬುರಗಿ" ಅಂತ ಫೋನಿನಲ್ಲಿ ಹೇಳಿದರು. ಆದೇಶ ಪತ್ರ ಇಲ್ಲ. ಶಾಲೆಯ ವರ್ಷ ಅರ್ಧ ಆಗಿತ್ತು, ಹಾಗಾಗಿ ಹೆಂಡತಿ ಮಗಳು ಊರಲ್ಲೇ ಉಳಿದರು. ಇಲ್ಲಿ ರೂಮು ಸಿಗುವುದೂ ಸುಲಭ ಇರಲಿಲ್ಲ. ನಡುರಾತ್ರಿ ಬರುವ, ನಡುರಾತ್ರಿ ಹೋಗುವ ಟಿವಿಯವನಿಗೆ ಮನೆ ಕೊಡಲು ಓನರ್‌ಗಳು ಹಿಂದೆಮುಂದೆ ನೋಡುತ್ತಾರೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಜಿಲ್ಲಾ ವರದಿಗಾರ್ತಿಯರು ಯಾಕಿಷ್ಟು ಕಡಿಮೆ ಅಂತ ನೀವೇ ಮಹಿಳಾ ದಿನದಂದು ಚರ್ಚೆ ನಡೆಸುತ್ತೀರಿ. ರಾತ್ರಿ ಕೆಲಸಕ್ಕೆ ಒಂದು ಗಾಡಿ ಮತ್ತು ಹೊರಜಿಲ್ಲೆಯಲ್ಲಿ ಇರಲು ಒಂದು ಮನೆ, ಎರಡನ್ನೂ ಕೊಡದೆ ಆ ಚರ್ಚೆ ನಡೆಸಿ ಏನು ಪ್ರಯೋಜನ?

ರಜೆ ಅಂತೂ ಕೇಳುವ ಹಾಗಿಲ್ಲ. ನಮ್ಮ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಕೆಲವೇ ದಿನ. ಅದನ್ನು ನಮ್ಮದೇ ವಾಹಿನಿಯಲ್ಲಿ ನೋಡುತ್ತೇನೆ. ಅಲ್ಲಿ ಲೈವ್ ಕೊಡುತ್ತಿರುವವನು ಉತ್ತರ ಕರ್ನಾಟಕದ ಹುಡುಗ. ನಾವಿಬ್ಬರೂ ಫೋನಿನಲ್ಲಿ ಇದರ ಬಗ್ಗೆ ನಕ್ಕಿದ್ದೇವೆ. ಅವನ ಊರಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ತಿನ್ನುವುದು ಅವನಿಗೆ ತಪ್ಪುತ್ತದೆ. ನನ್ನನ್ನು ಇಲ್ಲಿಯ ಗೆಳೆಯರು ತಮ್ಮ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ. ಈ ಜಿಲ್ಲೆಯ ಜನ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ನನ್ನ ದೂರು ಅವರ ಮೇಲಲ್ಲ.

ಕಾನೂನಿನ ಮಾತೂ ಇದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂದಾಗ ಟಿವಿ ಸುದ್ದಿ ಇರಲಿಲ್ಲ, ಹಾಗಾಗಿ ನಾವು ಅದರಲ್ಲಿ ಸೇರಲಿಲ್ಲ. ಪತ್ರಿಕೆಗಳ ನೌಕರರ ಸಂಬಳ ನಿಗದಿ ಮಾಡಲು ನೇಮಿಸಿದ್ದ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದಾಗ ಪತ್ರಿಕೆಯ ಗೆಳೆಯರು ಸಂತೋಷಪಟ್ಟರು, ನಾವು ನೋಡುತ್ತಾ ನಿಂತೆವು. "ನಿಮಗೆ ಅದು ಅನ್ವಯಿಸಲ್ಲ" ಅನ್ನುವುದು ಅಂದಿನಿಂದ ನಿಮ್ಮ ಎಚ್‌ಆರ್‌ನವರ ಬಾಯಿಪಾಠ. ಈಗ ಹಾಗೆ ಹೇಳುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಯನಿರತ ಪತ್ರಕರ್ತರ ವ್ಯಾಖ್ಯೆಯೊಳಗೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮಾಧ್ಯಮದವರೂ ಇದ್ದಾರೆ. ನಾಲ್ಕು ವಾರಕ್ಕೆ ಹೆಚ್ಚೆಂದರೆ 144 ಗಂಟೆ ಕೆಲಸ, ಏಳು ದಿನದಲ್ಲಿ ಒಮ್ಮೆ 24 ಗಂಟೆ ಸತತ ಬಿಡುವು ಅಂತ ಅದರಲ್ಲಿದೆ. ನಮ್ಮ 144 ಗಂಟೆ ಎರಡು ವಾರದಲ್ಲೇ ಮುಗಿದುಹೋಗುತ್ತದೆ. ನೌಕರನಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತಲೂ ಇದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಆಗಬೇಕು.

ಇದನ್ನೆಲ್ಲ ಓದಿ ನೀವು ಏನು ಮಾಡಬಹುದು ಅಂತಲೂ ಊಹಿಸಬಲ್ಲೆ. ಇನ್ನು ಮುಂದೆ ನಮ್ಮನ್ನೆಲ್ಲ ಸ್ಟ್ರಿಂಗರ್ ಅಂತ ಕರೆದು, ಸುದ್ದಿಗಿಷ್ಟು ಅಂತ ಲೆಕ್ಕ ಹಾಕಿ ಕೈ ತೊಳೆದುಕೊಳ್ಳುವ ದಾರಿ ಇದೆ. ಕೆಲವು ಕಡೆ ಈಗಾಗಲೇ ಹಾಗೆ ನಡೆಯುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಸುದ್ದಿಗಿಷ್ಟು ಅಂದರೆ ವರದಿಗಾರ ಅಪಘಾತ, ಜಗಳ, ಕೊಲೆ ಎಣಿಸುತ್ತಾ ಕೂರುತ್ತಾನೆ. ನಾಲ್ಕು ದಿನ ಅಲೆದು ಮಾಡಬೇಕಾದ ಸುದ್ದಿಯ ತಂಟೆಗೇ ಹೋಗುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಹೊರಜಿಲ್ಲೆಗೆ ಹಾಕುವಾಗ ಕಾಗದದ ಮೇಲೆ ಆದೇಶ ಕೊಡಿ. ಅದರಲ್ಲಿ ಹುದ್ದೆ, ಸಂಬಳ, ಎಷ್ಟು ಕಾಲಕ್ಕೆ ಅನ್ನುವುದು ಇರಲಿ. ನೇಮಕಾತಿ ಪತ್ರ ಇಲ್ಲದೆ, ಪತ್ರಕರ್ತರ ಮಾನ್ಯತಾ ಕಾರ್ಡ್ ಕೇಳಲು ವಾರ್ತಾ ಇಲಾಖೆಯ ಬಾಗಿಲಿಗೂ ಹೋಗಲಾಗದೆ ಎಷ್ಟೋ ಜನ ಸುಮ್ಮನಾಗಿದ್ದಾರೆ. ಪ್ರಯಾಣದ ದುಡ್ಡು ಮುಂಗಡವಾಗಿ ಬರಲಿ, ಲೆಕ್ಕ ನಾವು ಆಮೇಲೆ ಕೊಡುತ್ತೇವೆ. ಈಗ ನಡೆಯುತ್ತಿರುವುದು ಉಲ್ಟಾ, ನಾವು ನಿಮಗೆ ಸಾಲ ಕೊಡುತ್ತಿದ್ದೇವೆ. ಬಾಡಿಗೆಗೆ ಒಂದು ಭತ್ಯೆ. ವರದಿಗಾರನಿಗೂ ಕ್ಯಾಮೆರಾಮನ್‌ಗೂ ವಿಮೆ. ಪ್ರವಾಹಕ್ಕೆ ಕಳಿಸುವ ಪ್ರತಿ ತಂಡಕ್ಕೂ ಲೈಫ್ ಜಾಕೆಟ್, ಮತ್ತು "ಇನ್ನು ಒಳಗೆ ಹೋಗುವುದಿಲ್ಲ" ಅಂತ ಸ್ಥಳದಲ್ಲಿರುವವನು ಹೇಳಿದರೆ ಡೆಸ್ಕ್ ಅದನ್ನು ಮರುಮಾತಿಲ್ಲದೆ ಒಪ್ಪಬೇಕು ಅನ್ನುವ ಲಿಖಿತ ನಿಯಮ. ವರದಿಗಾರರ ತಲೆಯ ಮೇಲಿಂದ ಜಾಹೀರಾತು ಟಾರ್ಗೆಟ್ ಇಳಿಸಿ. ಇವುಗಳಲ್ಲಿ ಒಂದನ್ನೇ ಮೊದಲು ಮಾಡಿ ಅಂದರೆ ನಾನು ಈ ಕೊನೆಯದನ್ನೇ ಕೇಳುತ್ತೇನೆ.

ನಿಮ್ಮಲ್ಲಿ ಯಾರಾದರೂ ಒಬ್ಬರು ಒಮ್ಮೆ ಬನ್ನಿ ಅಂತಲೂ ಕರೆಯುತ್ತೇನೆ. ಚುನಾವಣೆಗೆ ಬೇಡ, ಮುಖ್ಯಮಂತ್ರಿಗಳ ಕಾರ್ಯಕ್ರಮಕ್ಕೂ ಬೇಡ. ಮೇ ತಿಂಗಳ ಸಾಧಾರಣ ಒಂದು ವಾರ ಬನ್ನಿ. ಹಾಸನ–ಸೋಲಾಪುರ ರೈಲು ಸಂಜೆ ಬೆಂಗಳೂರಿಗೆ ಬರುತ್ತದೆ, ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಕಲಬುರಗಿ. ಸ್ಟೇಷನ್ನಿಗೆ ಬೈಕ್ ತಂದು ನಿಲ್ಲಿಸಿರುತ್ತೇನೆ.

ಈ ಪತ್ರಕ್ಕೆ ಉತ್ತರ ಕೊಡುವ ಮನಸ್ಸಿದ್ದರೆ ಫೋನಿನಲ್ಲಿ ಬೇಡ. ಎಲ್ಲ ಜಿಲ್ಲಾ ವರದಿಗಾರರಿಗೂ ತಲುಪುವ ಹಾಗೆ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಹಿ ಮಾಡಿ ಕೊಡಿ.

ಇಂತಿ,
ಕಲಬುರಗಿಯಲ್ಲಿರುವ ಒಬ್ಬ ಜಿಲ್ಲಾ ವರದಿಗಾರ